ಗೇಮಿಂಗ್ ಪಿಸಿನಾ, ಕನ್ಸೋಲಾ? ದುಡ್ಡು ಕೊಡುವ ಮೊದಲು ಇಷ್ಟು ನೋಡಿ

ಆಟ ಆಡಲು ಪಿಸಿ ತಗೊಳ್ಳಬೇಕಾ, ಇಲ್ಲ ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್, ಸ್ವಿಚ್ ತರಹದ ಕನ್ಸೋಲ್, ಅಂದರೆ ಆಟಕ್ಕೆಂದೇ ಮಾಡಿದ ಯಂತ್ರ ತಗೊಳ್ಳಬೇಕಾ ಅನ್ನುವ ಪ್ರಶ್ನೆ ಬಂದ ತಕ್ಷಣ ಮಾತು ಟೆರಾಫ್ಲಾಪ್ (ಚಿಪ್ಪು ಲೆಕ್ಕ ಮಾಡುವ ವೇಗ), ಫ್ರೇಮ್ ರೇಟ್ (ಸೆಕೆಂಡಿಗೆ ಬರುವ ಚಿತ್ರಗಳ ಸಂಖ್ಯೆ), 4ಕೆ ಕಡೆ ಹೋಗಿಬಿಡುತ್ತದೆ. ಆ ಲೆಕ್ಕ ಬೇಕು, ಆದರೆ ಅದು ಆಮೇಲಿನದು. ಮೊದಲು ಒಂದು ಚೀಟಿ ತಗೊಂಡು, ಮುಂದಿನ ಒಂದು ವರ್ಷದಲ್ಲಿ ನೀವು ಖಂಡಿತ ಆಡುವ ನಾಲ್ಕೈದು ಆಟಗಳ ಹೆಸರು ಬರೆಯಿರಿ. ಯಾವತ್ತಾದರೂ ಆಡಬೇಕು ಅಂತ ಆಸೆ ಇರುವ ಆಟಗಳನ್ನಲ್ಲ, ನಿಜವಾಗಿ ಆಡುವ ಆಟಗಳನ್ನು. ಪಕ್ಕದಲ್ಲೇ ಯಾರ ಜೊತೆ ಆಡುತ್ತೀರಿ, ಎಲ್ಲಿ ಕೂತು ಆಡುತ್ತೀರಿ, ಒಂದು ಸಲ ಕೂತರೆ ಎಷ್ಟು ಹೊತ್ತು ಸಿಗುತ್ತದೆ ಅಂತಲೂ ಬರೆದುಕೊಳ್ಳಿ. ಯಂತ್ರಗಳ ವೇಗ ಅಳೆದು ತೋರಿಸುವ ಬೆಂಚ್‌ಮಾರ್ಕ್ ವಿಡಿಯೋಗಳನ್ನು ರಾತ್ರಿಯಿಡೀ ನೋಡಿದರೂ ಸಿಗದ ಉತ್ತರ ಆ ಚೀಟಿಯಲ್ಲಿ ಇರುತ್ತದೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಕಾರಣ ಹೇಳುತ್ತೇನೆ. ಯಾವ ಯಂತ್ರಕ್ಕೆ ಶಕ್ತಿ ಜಾಸ್ತಿ ಅಂತ ನೋಡಿ ಆರಿಸಬೇಡಿ. ಆ ಯಂತ್ರದ ಉಸ್ತುವಾರಿ ಯಾರ ತಲೆ ಮೇಲೆ ಬೀಳುತ್ತದೆ ಅಂತ ನೋಡಿ ಆರಿಸಿ. ಕನ್ಸೋಲ್ ತಗೊಂಡರೆ ಉಸ್ತುವಾರಿ ತಯಾರಕರದು, ಬದಲಿಗೆ ಅವರು ಎಳೆದ ಗೆರೆ ದಾಟುವ ಹಾಗಿಲ್ಲ. ಪಿಸಿಯಲ್ಲಿ ಗೆರೆ ಎಳೆಯುವವರೇ ಇಲ್ಲ, ಆದರೆ ಪಾರ್ಟ್‌ಗಳನ್ನು ನಡೆಸುವ ಡ್ರೈವರ್ ತಂತ್ರಾಂಶ ಕೆಟ್ಟರೂ ಫ್ಯಾನ್ ಸದ್ದು ಮಾಡಿದರೂ ನೋಡಿಕೊಳ್ಳಬೇಕಾದವರು ನೀವೇ. ಕೆಲವರಿಗೆ ಅದು ಖುಷಿಯ ಕೆಲಸ. ಆಟಕ್ಕಿಂತ ಜಾಸ್ತಿ ಹೊತ್ತು ಸೆಟ್ಟಿಂಗ್ಸ್ ತಿರುವುತ್ತಾ ಕೂರುವವರಿದ್ದಾರೆ, ಅವರಿಗೆ ನಾನು ಕನ್ಸೋಲ್ ಹೇಳುವುದೇ ಇಲ್ಲ. ಆದರೆ ಕೆಲಸ ಮುಗಿಸಿ ಬಂದು ಒಂದು ಗಂಟೆ ಟಿವಿ ಮುಂದೆ ಕೂತು ಆಡಬೇಕು ಅನ್ನುವವರಿಗೆ ಕನ್ಸೋಲೇ ಸರಿ. ಅದನ್ನು ಬಡವರ ಪಿಸಿ ಅಂತ ಹೇಳುವವರ ಮಾತು ಕೇಳಬೇಡಿ.

ಚೀಟಿಯಲ್ಲಿ ಏನಿದೆ ನೋಡೋಣ

ಮಾರಿಯೋ, ಜೆಲ್ಡಾ, ಮುಖ್ಯ ಸರಣಿಯ ಪೋಕೆಮಾನ್ ಇದೆಯಾ? ಹಾಗಿದ್ದರೆ ಚರ್ಚೆ ಮುಗಿಯಿತು, ಸ್ವಿಚ್ ತಗೊಳ್ಳಿ. ನಿಂಟೆಂಡೋ ಆ ಆಟಗಳನ್ನು ಪಿಸಿಗೂ ಕೊಡುವುದಿಲ್ಲ, ಬೇರೆಯವರ ಕನ್ಸೋಲ್‌ಗೂ ಕೊಡುವುದಿಲ್ಲ.

ಡೋಟಾ 2, ಕೌಂಟರ್ ಸ್ಟ್ರೈಕ್ 2, ಲೀಗ್ ಆಫ್ ಲೆಜೆಂಡ್ಸ್ ಇದೆಯಾ? ಅವು ಕನ್ಸೋಲ್‌ನಲ್ಲಿ ಇಲ್ಲ, ಪಿಸಿ ಬೇಕು. ಸಮಾಧಾನದ ವಿಷಯ ಅಂದರೆ ಈ ಮೂರಕ್ಕೂ ದೊಡ್ಡ ಯಂತ್ರ ಬೇಕಾಗುವುದಿಲ್ಲ, ಸಾಧಾರಣ ಗ್ರಾಫಿಕ್ಸ್ ಕಾರ್ಡ್ (ಪರದೆಯ ಚಿತ್ರ ಸಿದ್ಧ ಮಾಡುವ ಪಾರ್ಟ್) ಸಾಕು. ವ್ಯಾಲರಂಟ್ ಮಾತ್ರ ಸ್ವಲ್ಪ ವಿಚಿತ್ರ. 2024ರಲ್ಲಿ ಅದು ಪ್ಲೇಸ್ಟೇಷನ್ 5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್‌ಗೆ ಬಂತು, ಆದರೆ ಪಿಸಿಯಲ್ಲಿ ಆಡುವವರ ಜೊತೆ ಕನ್ಸೋಲ್‌ನವರು ಆಡಲು ಆಗುವುದಿಲ್ಲ. ನಿಮ್ಮ ಸ್ನೇಹಿತರೆಲ್ಲ ಪಿಸಿಯಲ್ಲಿದ್ದರೆ ಕನ್ಸೋಲ್‌ಗೆ ಬಂದ ವ್ಯಾಲರಂಟ್ ನಿಮಗೆ ಉಪಯೋಗಕ್ಕೆ ಬರುವುದಿಲ್ಲ. ಫೋರ್ಟ್‌ನೈಟ್ ತರಹದ ಆಟಗಳಲ್ಲಿ ಈ ತೊಂದರೆ ಇಲ್ಲ, ಯಾರು ಎಲ್ಲಿಂದ ಬೇಕಾದರೂ ಒಂದೇ ಗುಂಪಿಗೆ ಸೇರಬಹುದು. ಹಾಗಾಗಿ ಆಟದ ಹೆಸರು ಮಾತ್ರ ನೋಡಿದರೆ ಸಾಲದು, ಆ ಆಟದಲ್ಲಿ ಕ್ರಾಸ್‌ಪ್ಲೇ, ಅಂದರೆ ಬೇರೆ ಬೇರೆ ಯಂತ್ರದವರು ಒಟ್ಟಿಗೆ ಆಡುವ ವ್ಯವಸ್ಥೆ, ಇದೆಯಾ ಅಂತ ನೋಡಿ. ಸ್ನೇಹಿತರು ಎಲ್ಲಿದ್ದಾರೋ ಅಲ್ಲಿಗೆ ಹೋಗುವುದು ತುಂಬಾ ಜನರಿಗೆ ಸರಿಯಾದ ತೀರ್ಮಾನ, ಯಾಕೆಂದರೆ ಒಬ್ಬರೇ ಕೂತು ಆಡುವ ಅತ್ಯುತ್ತಮ ಯಂತ್ರಕ್ಕಿಂತ ನಾಲ್ಕು ಜನ ಸೇರಿ ಆಡುವ ಸಾಧಾರಣ ಯಂತ್ರದಲ್ಲಿ ಖುಷಿ ಜಾಸ್ತಿ.

ಸ್ಟ್ರಾಟಜಿ ಆಟಗಳು, ನಗರ ಕಟ್ಟುವ ಆಟಗಳು ಚೀಟಿಯಲ್ಲಿದ್ದರೆ ಪಿಸಿ ಕಡೆ ವಾಲಿಕೊಳ್ಳಿ. ಏಜ್ ಆಫ್ ಎಂಪೈರ್ಸ್, ಸಿವಿಲೈಸೇಷನ್ ಕನ್ಸೋಲ್‌ಗೂ ಬಂದಿವೆ, ಕಂಟ್ರೋಲರ್‌ಗೆ ಹೊಂದಿಸಲು ಮಾಡಿದವರು ಕಷ್ಟವನ್ನೂ ಪಟ್ಟಿದ್ದಾರೆ. ಆದರೂ ನೂರು ಸೈನಿಕರನ್ನು ಒಟ್ಟಿಗೆ ಆರಿಸಿ ಮೂರು ದಿಕ್ಕಿಗೆ ಕಳಿಸಬೇಕಾದಾಗ ಮೌಸ್‌ಗೆ ಸಾಟಿ ಇಲ್ಲ. ಕಾರ್ ರೇಸ್, ಫುಟ್‌ಬಾಲ್, ಫೈಟಿಂಗ್ ಆಟಗಳಲ್ಲಿ ಇದು ತಿರುಗುಮುರುಗು, ಅಲ್ಲಿ ಕಂಟ್ರೋಲರ್ ಬೇಕು. ಪಿಸಿಗೂ ಕಂಟ್ರೋಲರ್ ಹಾಕಬಹುದು ಅನ್ನುವುದು ನಿಜ, ಎಕ್ಸ್‌ಬಾಕ್ಸ್‌ದೂ ಆಗುತ್ತದೆ, ಪ್ಲೇಸ್ಟೇಷನ್‌ದೂ ಆಗುತ್ತದೆ.

ಇನ್ನು ದೊಡ್ಡ ಹೆಸರಿನ ಆಟಗಳು. ಇಲ್ಲಿ ಕಾಯುವ ತಾಳ್ಮೆ ಎಷ್ಟಿದೆ ಅನ್ನುವುದು ಮುಖ್ಯ. ಪ್ಲೇಸ್ಟೇಷನ್ ಮಾಡುವ ಸೋನಿಯವರ ಎಷ್ಟೋ ಆಟಗಳು ತಡವಾಗಿಯಾದರೂ ಪಿಸಿಗೆ ಬಂದಿವೆ. ಗಾಡ್ ಆಫ್ ವಾರ್ ಪ್ಲೇಸ್ಟೇಷನ್ 4ಕ್ಕೆ ಬಂದದ್ದು 2018ರಲ್ಲಿ, ಪಿಸಿಗೆ 2022ರಲ್ಲಿ. ಘೋಸ್ಟ್ ಆಫ್ ಸುಶಿಮಾ 2020ರಲ್ಲಿ ಬಂತು, ಪಿಸಿಯವರು 2024ರವರೆಗೆ ಕಾದರು. ಜಿಟಿಎ ಆಟಗಳನ್ನು ಮಾಡುವ ರಾಕ್‌ಸ್ಟಾರ್‌ನವರದೂ ಇದೇ ಅಭ್ಯಾಸ. ಜಿಟಿಎ 5 ಕನ್ಸೋಲ್‌ಗೆ 2013ರ ಸೆಪ್ಟೆಂಬರ್‌ನಲ್ಲಿ ಬಂದರೆ ಪಿಸಿಗೆ ಬರುವ ಹೊತ್ತಿಗೆ 2015ರ ಏಪ್ರಿಲ್ ಆಗಿತ್ತು. ರೆಡ್ ಡೆಡ್ ರಿಡೆಂಪ್ಷನ್ 2ಕ್ಕೆ ಒಂದು ವರ್ಷ ಕಾಯಬೇಕಾಯಿತು. ಜಿಟಿಎ 6 ಕೂಡ ಘೋಷಣೆ ಆದದ್ದು ಪ್ಲೇಸ್ಟೇಷನ್ 5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್‌ಗೆ ಮಾತ್ರ. ಮೊದಲ ದಿನವೇ ಆಡಬೇಕು, ಇಲ್ಲದಿದ್ದರೆ ಕಥೆಯೆಲ್ಲ ಯಾರೋ ಹೇಳಿಬಿಡುತ್ತಾರೆ ಅನ್ನುವವರು ಇದನ್ನು ಲೆಕ್ಕಕ್ಕೆ ತಗೊಳ್ಳಿ. ಎಕ್ಸ್‌ಬಾಕ್ಸ್ ಮಾಡುವ ಮೈಕ್ರೋಸಾಫ್ಟ್ ತನ್ನ ಆಟಗಳನ್ನು ಎಕ್ಸ್‌ಬಾಕ್ಸ್‌ಗೂ ಪಿಸಿಗೂ ಸಾಮಾನ್ಯವಾಗಿ ಒಂದೇ ದಿನ ಬಿಡುತ್ತದೆ. ಹಾಗಾಗಿ ಒಳ್ಳೆಯ ಪಿಸಿ ಇರುವವರಿಗೆ ಎಕ್ಸ್‌ಬಾಕ್ಸ್ ತಗೊಳ್ಳಲು ಕಾರಣ ಕಡಿಮೆ. ಪಿಸಿ ಜೊತೆ ಎರಡನೇ ಯಂತ್ರ ಇಟ್ಟುಕೊಳ್ಳುವುದಾದರೆ ಸ್ವಿಚ್ ಅಥವಾ ಪ್ಲೇಸ್ಟೇಷನ್ ನೋಡಿ.

ಮಾಡ್‌ಗಳ, ಅಂದರೆ ಆಡುವವರೇ ಮಾಡಿ ಆಟಕ್ಕೆ ಸೇರಿಸುವ ಬದಲಾವಣೆಗಳ, ವಿಷಯ ಬೇರೆಯದೇ ಲೋಕ. ಸ್ಕೈರಿಮ್ 2011ರ ಆಟ, ಇವತ್ತಿಗೂ ಜನ ಹೊಸ ಊರು, ಹೊಸ ಕಥೆ, ಹೊಸ ಬೆಳಕು ಸೇರಿಸಿ ಆಡುತ್ತಿದ್ದಾರೆ. ಮೈನ್‌ಕ್ರಾಫ್ಟ್‌ನ ಜಾವಾ ಆವೃತ್ತಿ, ಅಂದರೆ ದೊಡ್ಡ ದೊಡ್ಡ ಮಾಡ್‌ಗಳೆಲ್ಲ ಬರುವ ಆವೃತ್ತಿ, ಕನ್ಸೋಲ್‌ನಲ್ಲಿ ಇಲ್ಲವೇ ಇಲ್ಲ. ಕೌಂಟರ್ ಸ್ಟ್ರೈಕ್ ಹುಟ್ಟಿದ್ದೇ ಹಾಫ್ ಲೈಫ್‌ಗೆ ಯಾರೋ ಮಾಡಿದ ಮಾಡ್ ಆಗಿ, ಡೋಟಾ ಹುಟ್ಟಿದ್ದು ವಾರ್‌ಕ್ರಾಫ್ಟ್ 3ರ ಮಾಡ್ ಆಗಿ. ಆಟವನ್ನು ಬಿಚ್ಚಿ ನೋಡುವ ಕುತೂಹಲ ಇರುವ ಹುಡುಗ ಹುಡುಗಿಯರು ಮನೆಯಲ್ಲಿದ್ದರೆ ದಯವಿಟ್ಟು ಅವರಿಗೆ ಪಿಸಿ ಕೊಡಿಸಿ. ಆ ಕುತೂಹಲ ಎಲ್ಲಿಯವರೆಗೆ ಕರೆದುಕೊಂಡು ಹೋಗುತ್ತದೆ ಅಂತ ಹೇಳಲು ಆಗುವುದಿಲ್ಲ.

ಡಬ್ಬಿಯ ಒಳಗೆ ಇರುವುದು ಹತ್ತಿರಹತ್ತಿರ ಒಂದೇ

ಪ್ಲೇಸ್ಟೇಷನ್ 5 ಒಳಗೆ ಇರುವುದು ಎಎಂಡಿಯ ಎಂಟು ಕೋರ್‌ಗಳ ಪ್ರೊಸೆಸರ್, ಎಎಂಡಿಯದೇ ಗ್ರಾಫಿಕ್ಸ್, 16 ಜಿಬಿ ಮೆಮೊರಿ, ಎಸ್‌ಎಸ್‌ಡಿ ಎಂಬ ವೇಗದ ಸ್ಟೋರೇಜ್. ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಕೂಡ ಅದೇ ಕುಟುಂಬದ ಚಿಪ್ಪು. ಅಂದರೆ ಕನ್ಸೋಲ್ ಅಂತ ಬೇರೆ ಜಾತಿಯ ಯಂತ್ರ ಏನಿಲ್ಲ, ಅದೂ ಒಂದು ಪಿಸಿಯೇ, ಮುಚ್ಚಳ ಹಾಕಿ ಸೀಲ್ ಮಾಡಿದ ಪಿಸಿ. ಹಾಗಾದರೆ 2020ರ ಈ ಯಂತ್ರದಲ್ಲಿ ಇವತ್ತಿನ ಆಟಗಳು ಹೇಗೆ ನಡೆಯುತ್ತಿವೆ? ಆಟ ಮಾಡುವವರಿಗೆ ಎದುರಿಗೆ ಇರುವ ಯಂತ್ರ ಯಾವುದು ಅಂತ ಚೆನ್ನಾಗಿ ಗೊತ್ತಿರುತ್ತದೆ. ಅದೇ ಚಿಪ್ಪು, ಅದೇ ಮೆಮೊರಿ, ಕೋಟಿಗಟ್ಟಲೆ ಮನೆಗಳಲ್ಲಿ ಅದೇ. ಎಲ್ಲಿ ನೆರಳು ಕಡಿಮೆ ಮಾಡಬೇಕು, ಎಲ್ಲಿ ದೂರದ ಮರಗಳನ್ನು ಸರಳ ಮಾಡಬೇಕು ಅಂತ ಅವರೇ ಕೂತು ತೀರ್ಮಾನಿಸಿರುತ್ತಾರೆ. ಪಿಸಿಯಲ್ಲಿ ಆ ಕೆಲಸ ನಿಮ್ಮದು.

ಇದರಿಂದ ಬರುವ ಒಂದು ವ್ಯತ್ಯಾಸವನ್ನು ಹೊಸಬರಿಗೆ ಯಾರೂ ಸರಿಯಾಗಿ ಹೇಳುವುದಿಲ್ಲ. ಶೇಡರ್ ಅಂತ ಇರುತ್ತವೆ, ಬೆಳಕು, ನೀರು, ಹೊಗೆ ಹೇಗೆ ಕಾಣಬೇಕು ಅಂತ ಗ್ರಾಫಿಕ್ಸ್ ಚಿಪ್ಪಿಗೆ ಹೇಳುವ ಚಿಕ್ಕ ಚಿಕ್ಕ ಪ್ರೋಗ್ರಾಂಗಳು. ಕನ್ಸೋಲ್‌ನಲ್ಲಿ ಚಿಪ್ಪು ಯಾವುದು ಅಂತ ಗೊತ್ತಿರುವುದರಿಂದ ಅವನ್ನು ಮೊದಲೇ ಸಿದ್ಧ ಮಾಡಿ ಆಟದ ಜೊತೆಗೇ ಕಳಿಸುತ್ತಾರೆ. ಪಿಸಿಯಲ್ಲಿ ನಿಮ್ಮ ಕಾರ್ಡ್ ಯಾವುದೋ, ಡ್ರೈವರ್ ಯಾವುದೋ, ಹಾಗಾಗಿ ನಿಮ್ಮ ಯಂತ್ರದಲ್ಲೇ ಸಿದ್ಧ ಆಗಬೇಕು. ಕೆಲವು ಆಟಗಳು ಶುರುವಿನಲ್ಲಿ ಕಾಯಿಸುತ್ತವೆ. ಕೆಲವು ಆಡುವಾಗಲೇ ಸಿದ್ಧ ಮಾಡಿಕೊಳ್ಳುತ್ತವೆ, ಆಗ ಒಳ್ಳೆಯ ಓಟದ ಮಧ್ಯೆ ಚಿತ್ರ ಸರಕ್ಕನೆ ತಡೆದು ಮುಂದಕ್ಕೆ ಹೋಗುತ್ತದೆ. ಎಷ್ಟೇ ದುಬಾರಿ ಕಾರ್ಡ್ ಇದ್ದರೂ ಇದು ಪೂರ್ತಿ ತಪ್ಪುವುದಿಲ್ಲ. 2023ರ ಮಾರ್ಚ್‌ನಲ್ಲಿ ದಿ ಲಾಸ್ಟ್ ಆಫ್ ಅಸ್ ಪಾರ್ಟ್ 1 ಪಿಸಿಗೆ ಬಂದಾಗ ಶೇಡರ್ ಸಿದ್ಧ ಆಗುವುದಕ್ಕೇ ತುಂಬಾ ಹೊತ್ತು ಹಿಡಿಯುತ್ತಿತ್ತು, ಸರಿ ಮಾಡಲು ಪ್ಯಾಚ್ ಮೇಲೆ ಪ್ಯಾಚ್ ಬಂದವು. 2015ರಲ್ಲಿ ಬ್ಯಾಟ್‌ಮನ್ ಆರ್ಕಮ್ ನೈಟ್‌ನ ಪಿಸಿ ಆವೃತ್ತಿ ಎಷ್ಟು ಕೆಟ್ಟದಾಗಿತ್ತು ಅಂದರೆ ಮಾರಾಟವನ್ನೇ ಕೆಲವು ತಿಂಗಳು ನಿಲ್ಲಿಸಿದರು.

ಕನ್ಸೋಲ್‌ನವರೂ ಸುಖವಾಗಿಯೇ ಇದ್ದಾರೆ ಅಂತಲ್ಲ. 2020ರ ಡಿಸೆಂಬರ್‌ನಲ್ಲಿ ಸೈಬರ್‌ಪಂಕ್ 2077 ಬಂದಾಗ ಹಳೆಯ ಪ್ಲೇಸ್ಟೇಷನ್ 4, ಎಕ್ಸ್‌ಬಾಕ್ಸ್ ಒನ್‌ಗಳಲ್ಲಿ ಆಡಲು ಆಗದ ಸ್ಥಿತಿ. ಸೋನಿ ಅದನ್ನು ತನ್ನ ಸ್ಟೋರ್‌ನಿಂದಲೇ ತೆಗೆಯಿತು, ಮತ್ತೆ ಹಾಕಿದ್ದು 2021ರ ಜೂನ್‌ನಲ್ಲಿ. ಆಗ ಒಳ್ಳೆಯ ಪಿಸಿ ಇದ್ದವರು ಅವರಿಗಿಂತ ನೆಮ್ಮದಿಯಾಗಿ ಆಡಿದರು. ಕನ್ಸೋಲ್ ಹಳೆಯದಾದಾಗ ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ, ಒಂದು ಪಾರ್ಟ್ ಬದಲಿಸಿ ಮುಂದುವರಿಸಲು ಬರುವುದಿಲ್ಲ. ಎಕ್ಸ್‌ಬಾಕ್ಸ್‌ನ ಅಗ್ಗದ ಮಾದರಿ ಸೀರೀಸ್ ಎಸ್ ತಗೊಳ್ಳುವವರು ಇದನ್ನು ಗಮನಿಸಿ. ಅದರಲ್ಲಿ ಮೆಮೊರಿ 10 ಜಿಬಿ ಮಾತ್ರ. ಬಾಲ್ಡರ್ಸ್ ಗೇಟ್ 3 ಎಂಬ ಆಟ ಪಿಸಿಗೆ 2023ರ ಆಗಸ್ಟ್‌ನಲ್ಲಿ, ಪ್ಲೇಸ್ಟೇಷನ್ 5ಕ್ಕೆ ಸೆಪ್ಟೆಂಬರ್‌ನಲ್ಲಿ ಬಂತು. ಎಕ್ಸ್‌ಬಾಕ್ಸ್‌ಗೆ ಬಂದದ್ದು ಡಿಸೆಂಬರ್‌ನಲ್ಲಿ, ಕಾರಣ ಒಂದೇ ಟಿವಿಯಲ್ಲಿ ಇಬ್ಬರು ಆಡುವ ವ್ಯವಸ್ಥೆ ಸೀರೀಸ್ ಎಸ್‌ನಲ್ಲಿ ಕೂರುತ್ತಿರಲಿಲ್ಲ. ಕೊನೆಗೆ ಆ ವ್ಯವಸ್ಥೆ ಇಲ್ಲದೆಯೇ ಅಲ್ಲಿ ಬಿಟ್ಟರು. ಕಡಿಮೆ ಬೆಲೆಯ ಮಾದರಿಗೆ ಇಂಥ ರಾಜಿಗಳು ಇರುತ್ತವೆ.

ಫ್ರೇಮ್ ಲೆಕ್ಕ

ಸೆಕೆಂಡಿಗೆ 30 ಫ್ರೇಮ್ ಅಂದರೆ ಒಂದೊಂದು ಚಿತ್ರ ಸುಮಾರು 33 ಮಿಲಿಸೆಕೆಂಡ್ ಪರದೆ ಮೇಲೆ ಇರುತ್ತದೆ. 60 ಅಂದರೆ ಸುಮಾರು 17, 120 ಅಂದರೆ ಸುಮಾರು 8. 30ರಿಂದ 60ಕ್ಕೆ ಹೋದರೆ ಯಾರಿಗಾದರೂ ಕೈಗೆ ಗೊತ್ತಾಗುತ್ತದೆ. 60ರಿಂದ 120 ಶೂಟಿಂಗ್ ಆಟ ಆಡುವವರಿಗೆ ಗೊತ್ತಾಗುತ್ತದೆ. ಅದರ ಮೇಲಿನದು ಸ್ಪರ್ಧೆಗೆ ಆಡುವವರ ವಿಷಯ. ಈಗಿನ ಕನ್ಸೋಲ್ ಆಟಗಳು ಸಾಮಾನ್ಯವಾಗಿ ಎರಡು ಮೋಡ್ ಕೊಡುತ್ತವೆ, ಒಂದು ಚಿತ್ರ ಚೆಂದ ಇರುವ 30 ಫ್ರೇಮ್, ಇನ್ನೊಂದು ಚಿತ್ರ ಸ್ವಲ್ಪ ಮಂದ ಆದರೂ 60 ಫ್ರೇಮ್. ಕಣ್ಣುಮುಚ್ಚಿ ಎರಡನೆಯದನ್ನು ಹಾಕಿಕೊಳ್ಳಿ. ಸೋಫಾದಿಂದ ಟಿವಿಗೆ ಇರುವ ದೂರದಲ್ಲಿ ಆ ಮಂದ ಕಣ್ಣಿಗೆ ಬೀಳುವುದು ಕಷ್ಟ. ಹಾಗೆಯೇ ಟಿವಿಯ ಗೇಮ್ ಮೋಡ್ ಆನ್ ಮಾಡಿ. ಇಲ್ಲದಿದ್ದರೆ ಟಿವಿ ಚಿತ್ರವನ್ನು ತಿದ್ದಿ ತೀಡುತ್ತಾ ಕೂರುತ್ತದೆ, ನೀವು ಬಟನ್ ಒತ್ತಿದ ಮೇಲೆ ತಡವಾಗಿ ತೋರಿಸುತ್ತದೆ, ಬೈಗುಳ ಮಾತ್ರ ಕನ್ಸೋಲ್‌ಗೆ.

ಅರ್ಧ ಮೀಟರ್ ದೂರದಲ್ಲಿ ಮಾನಿಟರ್ ಇಟ್ಟುಕೊಂಡು ಆಡುವವರಿಗೆ ಪಿಸಿಯ ಹೆಚ್ಚಿನ ಶಕ್ತಿ ನಿಜವಾಗಿ ಕಾಣುತ್ತದೆ. ಅಲ್ಲಿ ಅದು ಸಾರ್ಥಕ.

ದುಡ್ಡು ಎಲ್ಲೆಲ್ಲಿ ಹೋಗುತ್ತದೆ

ಇದನ್ನು ನಿಧಾನವಾಗಿ ಓದಿ, ಯಾಕೆಂದರೆ ಕನ್ಸೋಲ್ ಅಗ್ಗ ಅನ್ನುವವರೂ ಪಿಸಿ ಕೊನೆಗೆ ಅಗ್ಗ ಅನ್ನುವವರೂ ಇಬ್ಬರೂ ಅರ್ಧ ಲೆಕ್ಕ ಹೇಳುತ್ತಾರೆ.

ಮೊದಲ ದಿನ ಕನ್ಸೋಲ್ ಅಗ್ಗ. ಅಷ್ಟೇ ದುಡ್ಡಿಗೆ ಅಷ್ಟೇ ಶಕ್ತಿಯ ಹೊಸ ಪಿಸಿ ಕಟ್ಟುವುದು ತುಂಬಾ ಕಷ್ಟ. ಕನ್ಸೋಲ್ ಮಾರುವವರು ಸಾಮಾನ್ಯವಾಗಿ ಯಂತ್ರದಲ್ಲಿ ದೊಡ್ಡ ಲಾಭ ನೋಡುವುದಿಲ್ಲ, ಆಮೇಲೆ ಆಟ ಮತ್ತು ಚಂದಾದಲ್ಲಿ ನೋಡುತ್ತಾರೆ. 2021ರಲ್ಲಿ ಫೋರ್ಟ್‌ನೈಟ್ ಮಾಡಿದ ಎಪಿಕ್ ಮತ್ತು ಆ್ಯಪಲ್ ನಡುವಿನ ಮೊಕದ್ದಮೆಯಲ್ಲಿ ಮೈಕ್ರೋಸಾಫ್ಟ್‌ನ ಅಧಿಕಾರಿಯೊಬ್ಬರು ಎಕ್ಸ್‌ಬಾಕ್ಸ್ ಯಂತ್ರ ಮಾರಿ ಕಂಪನಿ ಎಂದೂ ಲಾಭ ಮಾಡಿಲ್ಲ ಅಂತ ಸಾಕ್ಷಿ ಹೇಳಿದ್ದರು. ಹಾಗಾಗಿ ಎರಡನೇ ದಿನದಿಂದ ಲೆಕ್ಕ ತಿರುಗುತ್ತದೆ.

ದುಡ್ಡು ಕೊಟ್ಟು ಕೊಂಡ ಆಟವನ್ನು ಆನ್‌ಲೈನ್‌ನಲ್ಲಿ ಬೇರೆಯವರ ಜೊತೆ ಆಡಲು ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್, ಸ್ವಿಚ್ ಮೂರರಲ್ಲೂ ಚಂದಾ ಕಟ್ಟಬೇಕು. ಪಿಸಿಯಲ್ಲಿ ಕಟ್ಟಬೇಕಾಗಿಲ್ಲ. ಐದು ವರ್ಷ ಕನ್ಸೋಲ್ ಇಟ್ಟುಕೊಳ್ಳುವವರು ಆ ಚಂದಾವನ್ನು ಐದರಿಂದ ಗುಣಿಸಿ ಯಂತ್ರದ ಬೆಲೆಗೆ ಕೂಡಿಸಿ ನೋಡಿ, ಆಗ ಎರಡರ ಅಂತರ ಎಷ್ಟು ಉಳಿಯುತ್ತದೆ ಅಂತ ಗೊತ್ತಾಗುತ್ತದೆ. ಆದರೆ ಇದಕ್ಕೆ ಹೊರತಾದವರೂ ಇದ್ದಾರೆ. ಫೋರ್ಟ್‌ನೈಟ್‌ನಂಥ ಉಚಿತ ಆಟಗಳಿಗೆ ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್ ಎರಡರಲ್ಲೂ ಚಂದಾ ಬೇಡ. ಕಥೆಯ ಆಟ ಒಬ್ಬರೇ ಆಡುವವರಿಗೂ ಬೇಡ. ನೀವು ಈ ಎರಡು ಗುಂಪಿನಲ್ಲಿದ್ದರೆ ಪಿಸಿಯವರ ಈ ವಾದ ನಿಮಗೆ ಸಂಬಂಧವೇ ಇಲ್ಲ.

ಆಟಗಳ ಬೆಲೆಯಲ್ಲಿ ಪಿಸಿ ಮುಂದೆ. ಹತ್ತಾರು ಅಂಗಡಿಗಳು ಒಂದಕ್ಕೊಂದು ಪೈಪೋಟಿ ಮಾಡುತ್ತವೆ, ಎಪಿಕ್ ಸ್ಟೋರ್ 2018ರ ಕೊನೆಯಿಂದ ಆಗಾಗ ಉಚಿತ ಆಟ ಕೊಡುತ್ತಲೇ ಬಂದಿದೆ. ಸ್ಟೀಮ್ ಎಂಬ ಪಿಸಿ ಆಟಗಳ ಆನ್‌ಲೈನ್ ಅಂಗಡಿಯಲ್ಲಿ ಕೊಂಡ 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ ಕೇಳಬಹುದು. ನಿಮ್ಮ ಯಂತ್ರದಲ್ಲಿ ಆಟ ಸರಿಯಾಗಿ ಓಡುತ್ತದಾ ಅಂತ ನೋಡಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಪ್ಲೇಸ್ಟೇಷನ್ ಸ್ಟೋರ್‌ನಲ್ಲಿ ಡೌನ್‌ಲೋಡ್ ಶುರು ಮಾಡಿದರೆ ಸಾಮಾನ್ಯವಾಗಿ ಆ ಅವಕಾಶ ಹೋಯಿತು.

ಕನ್ಸೋಲ್‌ನ ಕೈಯಲ್ಲಿ ಒಂದು ಒಳ್ಳೆಯ ಅಸ್ತ್ರ ಇದೆ, ಡಿಸ್ಕ್. ಆಡಿ ಮುಗಿಸಿ ಮಾರಬಹುದು, ಸ್ನೇಹಿತರಿಗೆ ಕೊಡಬಹುದು, ಹಳೆಯದನ್ನು ಕೊಳ್ಳಬಹುದು. ಕಥೆಯ ಆಟ ಒಂದು ಸಲ ಮುಗಿಸಿ ಮತ್ತೆ ಮುಟ್ಟದವರಿಗೆ ಇದರಿಂದ ಉಳಿಯುವ ದುಡ್ಡು ದೊಡ್ಡದು. ಆದ್ದರಿಂದ ಡಿಸ್ಕ್ ಡ್ರೈವ್ ಇಲ್ಲದ ಮಾದರಿ ಸ್ವಲ್ಪ ಅಗ್ಗ ಅಂತ ಅದನ್ನು ಹಿಡಿಯುವ ಮೊದಲು ಎರಡು ಸಲ ಯೋಚಿಸಿ. ಡ್ರೈವ್ ಇಲ್ಲ ಅಂದರೆ ನಿಮಗೆ ಇರುವುದು ಒಂದೇ ಅಂಗಡಿ, ಅವರು ಹೇಳಿದ್ದೇ ಬೆಲೆ. ಎಕ್ಸ್‌ಬಾಕ್ಸ್ ಸೀರೀಸ್ ಎಸ್‌ನಲ್ಲಿ ಡ್ರೈವ್ ಇಲ್ಲ, ಆಮೇಲೆ ಸೇರಿಸಲೂ ಬರುವುದಿಲ್ಲ. ಪ್ಲೇಸ್ಟೇಷನ್ 5 ಪ್ರೋ ಕೂಡ ಡ್ರೈವ್ ಇಲ್ಲದೆಯೇ ಬರುತ್ತದೆ, ಆದರೆ ಅದಕ್ಕೆ ಬೇರೆಯಾಗಿ ಕೊಂಡು ಹಾಕಿಕೊಳ್ಳಬಹುದು.

ಪಿಸಿ ಲೆಕ್ಕ ಹಾಕುವಾಗ ಜನ ಮರೆಯುವುದು ಮಾನಿಟರ್, ಕೀಬೋರ್ಡ್, ಮೌಸ್, ವಿಂಡೋಸ್ ಲೈಸೆನ್ಸ್, ಇವೆಲ್ಲ ಇಡಲು ಮೇಜು. ಕನ್ಸೋಲ್ ಲೆಕ್ಕದಲ್ಲಿ ಮರೆಯುವುದು ಎರಡನೇ ಕಂಟ್ರೋಲರ್ ಮತ್ತು ಸ್ಟೋರೇಜ್. ಮೊದಲ ಪ್ಲೇಸ್ಟೇಷನ್ 5ರಲ್ಲಿ 825 ಜಿಬಿ ಅಂತ ಇದ್ದರೂ ಬಳಸಲು ಸಿಗುವುದು ಸುಮಾರು 667 ಜಿಬಿ. ಒಂದೊಂದು ಆಟ 100 ಜಿಬಿ ದಾಟುವ ಕಾಲದಲ್ಲಿ ಅದು ಬೇಗ ತುಂಬುತ್ತದೆ. ಪ್ಲೇಸ್ಟೇಷನ್‌ಗೆ ಪಿಸಿಗೆ ಹಾಕುವಂಥದ್ದೇ ವೇಗದ ಎಂ.2 ಎಸ್‌ಎಸ್‌ಡಿ ಹಾಕಬಹುದು. ಎಕ್ಸ್‌ಬಾಕ್ಸ್‌ಗೆ ಅದರದೇ ಆದ ಕಾರ್ಡ್ ಬೇಕು. ಸ್ವಿಚ್ 2ಕ್ಕೆ ಹಳೆಯ ಮೈಕ್ರೋಎಸ್‌ಡಿ ಕಾರ್ಡ್‌ನಲ್ಲಿ ಆಟ ಇಡಲು ಆಗುವುದಿಲ್ಲ, ಎಕ್ಸ್‌ಪ್ರೆಸ್ ಅಂತ ಬರೆದಿರುವುದನ್ನೇ ತಗೊಳ್ಳಬೇಕು.

ಇನ್ನೂ ಒಂದು ಮಾತು. ಮೊದಲೆಲ್ಲ ಕನ್ಸೋಲ್ ಬಂದು ಎರಡು ಮೂರು ವರ್ಷ ಆದ ಮೇಲೆ ಬೆಲೆ ಇಳಿಯುತ್ತಿತ್ತು, ಕಾದವರಿಗೆ ಲಾಭ ಇತ್ತು. ಈ ಸಲ ಹಾಗಾಗಲಿಲ್ಲ, ಪ್ಲೇಸ್ಟೇಷನ್ 5, ಎಕ್ಸ್‌ಬಾಕ್ಸ್ ಎರಡಕ್ಕೂ ಹಲವು ದೇಶಗಳಲ್ಲಿ ಬೆಲೆ ಏರಿತು. ಪಿಸಿಯವರ ಕಥೆಯೂ ಬೇರೆಯಲ್ಲ. 2025ರ ಕೊನೆಯಿಂದ ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್ಪುಗಳನ್ನು ಬಾಚಿಕೊಳ್ಳಲು ಶುರು ಮಾಡಿ ರ್‍ಯಾಮ್ ಬೆಲೆ ಜೋರಾಗಿ ಏರಿತು. ಇನ್ನೂ ಇಳಿಯಲಿ ಅಂತ ಸುಮ್ನೆ ಕಾಯುತ್ತಾ ಕೂರುವುದರಲ್ಲಿ ಅರ್ಥ ಇಲ್ಲ.

ಒಂದು ಗಂಟೆ ಸಿಕ್ಕಾಗ

ರಾತ್ರಿ ಒಂಬತ್ತಕ್ಕೆ ಕೂತಿರಿ ಅಂದುಕೊಳ್ಳಿ. ಕನ್ಸೋಲ್‌ನಲ್ಲಿ ಬಟನ್ ಒತ್ತಿದರೆ ನಿನ್ನೆ ನಿಲ್ಲಿಸಿದ ಜಾಗಕ್ಕೇ ಹೋಗುತ್ತೀರಿ. ಸ್ವಿಚ್‌ನಲ್ಲಂತೂ ಕೆಲವೇ ಸೆಕೆಂಡು. ಎಕ್ಸ್‌ಬಾಕ್ಸ್ ಸೀರೀಸ್‌ನಲ್ಲಿ ಒಂದಕ್ಕಿಂತ ಜಾಸ್ತಿ ಆಟಗಳನ್ನು ಹಾಗೆ ಅರ್ಧಕ್ಕೆ ನಿಲ್ಲಿಸಿ ಇಡಬಹುದು. ವಿಂಡೋಸ್ ಪಿಸಿಯಲ್ಲಿ ಆಟ ಓಡುತ್ತಿರುವಾಗಲೇ ಸ್ಲೀಪ್ ಹಾಕಿ ಮಾರನೇ ದಿನ ಅದೇ ಜಾಗದಿಂದ ಆಡುತ್ತೇನೆ ಅಂದರೆ ಭರವಸೆ ಇಲ್ಲ. ವಿಂಡೋಸ್ ಅಪ್‌ಡೇಟ್, ಗ್ರಾಫಿಕ್ಸ್ ಡ್ರೈವರ್ ಅಪ್‌ಡೇಟ್, ಆಟ ತೆರೆಯುವ ಲಾಂಚರ್ ತಂತ್ರಾಂಶದ ಅಪ್‌ಡೇಟ್, ಆಮೇಲೆ ಆಟದ ಅಪ್‌ಡೇಟ್. ದಿನಾ ಹೀಗೇ ಆಗುತ್ತದೆ ಅಂತ ಅಲ್ಲ, ಆದರೆ ಸಿಕ್ಕ ಒಂದೇ ಗಂಟೆಯಲ್ಲಿ ಆದರೆ ಬೇಜಾರು ಜಾಸ್ತಿ. ಚಿಕ್ಕ ಮಕ್ಕಳಿರುವ ತಂದೆ ತಾಯಂದಿರಿಗೆ, ಪಾಳಿ ಕೆಲಸ ಮಾಡುವವರಿಗೆ ಈ ಒಂದು ವಿಷಯ ಉಳಿದ ಎಲ್ಲಕ್ಕಿಂತ ದೊಡ್ಡದು ಅಂತ ನನಗೆ ಅನ್ನಿಸುತ್ತದೆ.

ಹಾಗೆಂದು ಪಿಸಿಯನ್ನು ಆಟಕ್ಕೆ ಮಾತ್ರ ಅಳೆಯಬಾರದು. ಓದು, ಕೋಡಿಂಗ್, ವಿಡಿಯೋ ಎಡಿಟಿಂಗ್, 3ಡಿ ಕೆಲಸಕ್ಕೆ ಹೇಗೂ ಒಂದು ಕಂಪ್ಯೂಟರ್ ಬೇಕು ಅಂತಿದ್ದರೆ ಎರಡು ಯಂತ್ರಕ್ಕೆ ದುಡ್ಡು ಹಾಕುವ ಬದಲು ಅದಕ್ಕೇ ಒಂದು ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಸೇರಿಸಿ. ಹಳೆಯ ಆಟಗಳ ವಿಷಯದಲ್ಲೂ ಪಿಸಿ ಗೆಲ್ಲುತ್ತದೆ. ಇಪ್ಪತ್ತು ವರ್ಷದ ಹಿಂದಿನ ಆಟವನ್ನು ಒಂದಿಷ್ಟು ಕಷ್ಟಪಟ್ಟಾದರೂ ಓಡಿಸಬಹುದು. ಕನ್ಸೋಲ್‌ನಲ್ಲಿ ಅಂಗಡಿಯೇ ಮುಚ್ಚಿಹೋಗುತ್ತದೆ. ನಿಂಟೆಂಡೋ 2023ರಲ್ಲಿ ತನ್ನ ಹಳೆಯ ಯಂತ್ರಗಳಾದ 3ಡಿಎಸ್ ಮತ್ತು ವೀ ಯು ಅಂಗಡಿಯಲ್ಲಿ ಮಾರಾಟ ನಿಲ್ಲಿಸಿತು, ಎಕ್ಸ್‌ಬಾಕ್ಸ್ 360ರ ಅಂಗಡಿ 2024ರಲ್ಲಿ ಮುಚ್ಚಿತು. ಪ್ಲೇಸ್ಟೇಷನ್ 5 ಹೆಚ್ಚುಕಡಿಮೆ ಎಲ್ಲ ಪ್ಲೇಸ್ಟೇಷನ್ 4 ಆಟಗಳನ್ನು ಓಡಿಸುತ್ತದೆ, ಆದರೆ ನಿಮ್ಮ ಪ್ಲೇಸ್ಟೇಷನ್ 3 ಡಿಸ್ಕ್ ಅದರಲ್ಲಿ ನಡೆಯುವುದಿಲ್ಲ.

ಮಧ್ಯದ ದಾರಿ

2022ರಲ್ಲಿ ಸ್ಟೀಮ್ ನಡೆಸುವ ವಾಲ್ವ್ ಕಂಪನಿ ಸ್ಟೀಮ್ ಡೆಕ್ ತಂದ ಮೇಲೆ ಪಿಸಿ ಮತ್ತು ಕನ್ಸೋಲ್ ನಡುವಿನ ಗೋಡೆ ಅರ್ಧ ಕುಸಿಯಿತು. ಕೈಯಲ್ಲಿ ಹಿಡಿಯುವ ಯಂತ್ರ, ಒಳಗೆ ಪಿಸಿ, ಮೇಲೆ ವಿಂಡೋಸ್ ಬದಲು ಲಿನಕ್ಸ್ ಆಧಾರದ ಸ್ಟೀಮ್‌ಓಎಸ್. ವಿಂಡೋಸ್‌ಗೆ ಅಂತ ಮಾಡಿದ ಆಟಗಳನ್ನು ಪ್ರೋಟಾನ್ ಎಂಬ ತಂತ್ರಾಂಶ ಲಿನಕ್ಸ್‌ನಲ್ಲಿ ಓಡಿಸುತ್ತದೆ, ಮತ್ತು ಆಶ್ಚರ್ಯ ಆಗುವಷ್ಟು ಚೆನ್ನಾಗಿ ಓಡಿಸುತ್ತದೆ. ಪವರ್ ಬಟನ್ ಒತ್ತಿ ಮಲಗಿಸಬಹುದು, ಎಬ್ಬಿಸಿದರೆ ಅಲ್ಲಿಂದಲೇ ಮುಂದೆ. ಸ್ಟೀಮ್ ಸೇಲ್‌ನಲ್ಲಿ ವರ್ಷಗಳಿಂದ ಆಟ ಕೂಡಿಟ್ಟು ಆಡಲು ಸಮಯ ಸಿಗದವರಿಗೆ ಇದು ನಾನು ಮೊದಲು ಹೇಳುವ ಯಂತ್ರ. ಪರದೆ 1280 ಗುಣಿಸು 800 ಮಾತ್ರ, ಆದರೆ ಏಳು ಇಂಚಿನಲ್ಲಿ ಅದು ಕಡಿಮೆ ಅನ್ನಿಸುವುದಿಲ್ಲ. ಓಎಲ್‌ಇಡಿ ಮಾದರಿ ಸಿಕ್ಕರೆ ಅದನ್ನೇ ನೋಡಿ, ಬ್ಯಾಟರಿಯೂ ದೊಡ್ಡದು, ಬಣ್ಣವೂ ಚೆಂದ.

ಮಿತಿಗಳೂ ಇವೆ. ವ್ಯಾಲರಂಟ್, ಫೋರ್ಟ್‌ನೈಟ್ ಸ್ಟೀಮ್‌ಓಎಸ್‌ನಲ್ಲಿ ನಡೆಯುವುದಿಲ್ಲ, ಅವುಗಳ ಮೋಸ ತಡೆಯುವ ವ್ಯವಸ್ಥೆ ಅದನ್ನು ಒಪ್ಪುವುದಿಲ್ಲ. ಇತ್ತೀಚಿನ ಅತಿ ಭಾರದ ಆಟಗಳಿಗೆ ಉಸಿರು ಸಾಲುವುದಿಲ್ಲ. ಕೊಳ್ಳುವ ಮೊದಲು ನಿಮ್ಮ ಚೀಟಿಯ ಪ್ರತಿ ಆಟವನ್ನೂ ಸ್ಟೀಮ್‌ನಲ್ಲಿ ಹುಡುಕಿ, ವೆರಿಫೈಡ್ ಅಂತ ಹಸಿರು ಗುರುತು ಇದೆಯಾ ನೋಡಿ. ಆರ್‌ಒಜಿ ಅಲೈ, ಲೀಜನ್ ಗೋ ತರಹದ ಕೈಯಲ್ಲಿ ಹಿಡಿಯುವ ಯಂತ್ರಗಳು ಹೆಚ್ಚಾಗಿ ವಿಂಡೋಸ್‌ನಲ್ಲಿ ಬರುವುದರಿಂದ ಆಟಗಳ ವಿಷಯದಲ್ಲಿ ಅಡ್ಡಿ ಕಡಿಮೆ, ಶಕ್ತಿಯೂ ಜಾಸ್ತಿ, ಆದರೆ ಚಿಕ್ಕ ಪರದೆಯಲ್ಲಿ ವಿಂಡೋಸ್ ಜೊತೆ ಏಗುವ ಕೆಲಸವೂ ಜೊತೆಗೆ ಬರುತ್ತದೆ. 2025ರ ನವೆಂಬರ್‌ನಲ್ಲಿ ವಾಲ್ವ್ ಟಿವಿ ಕೆಳಗೆ ಇಡುವ ಸ್ಟೀಮ್ ಮೆಷಿನ್ ಅನ್ನೂ ಘೋಷಿಸಿತು, ಅದೂ ಇದೇ ದಾರಿಯದು. ಗ್ರಾಫಿಕ್ಸ್ ಮೆಮೊರಿ 8 ಜಿಬಿ ಅನ್ನುವುದನ್ನು ಮಾತ್ರ ಗಮನದಲ್ಲಿಡಿ.

ಕ್ಲೌಡ್‌ನಲ್ಲಿ ಆಡುವುದನ್ನು, ಅಂದರೆ ಆಟ ಕಂಪನಿಯ ಕಂಪ್ಯೂಟರ್‌ನಲ್ಲಿ ಓಡಿ ಚಿತ್ರ ಮಾತ್ರ ಇಂಟರ್‌ನೆಟ್ ಮೂಲಕ ನಿಮಗೆ ಬರುವುದನ್ನು, ಮುಖ್ಯ ದಾರಿ ಮಾಡಿಕೊಳ್ಳಬೇಡಿ. ಗೂಗಲ್‌ನಷ್ಟು ದೊಡ್ಡ ಕಂಪನಿಯ ಕ್ಲೌಡ್ ಸೇವೆ ಸ್ಟೇಡಿಯಾ ಕೂಡ 2023ರ ಜನವರಿಯಲ್ಲಿ ಬಾಗಿಲು ಹಾಕಿತು.

ಪಿಸಿ ಅಂತ ತೀರ್ಮಾನಿಸಿದರೆ

ಸಿದ್ಧ ಪಿಸಿ ಮಾರುವವರು ಕಣ್ಣಿಗೆ ಬೀಳುವ ಎರಡು ಹೆಸರು ದೊಡ್ಡದಾಗಿ ಬರೆಯುತ್ತಾರೆ, ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್. ದುಡ್ಡು ಉಳಿಸುವುದು ಕಣ್ಣಿಗೆ ಬೀಳದ ಜಾಗದಲ್ಲಿ. ಪವರ್ ಸಪ್ಲೈ ಯಾವ ಕಂಪನಿಯದು, ಎಷ್ಟು ವ್ಯಾಟ್ ಅಂತ ಕೇಳಿ. ಉತ್ತರ ಬರದಿದ್ದರೆ ಮುಂದಿನ ಅಂಗಡಿ ನೋಡಿ. ಅದು ಕೆಟ್ಟರೆ ಒಂದೊಂದು ಸಲ ಉಳಿದ ಪಾರ್ಟ್‌ಗಳನ್ನೂ ಸುಟ್ಟುಕೊಂಡೇ ಹೋಗುತ್ತದೆ. ರ್‍ಯಾಮ್ 16 ಜಿಬಿಯ ಒಂದೇ ಸ್ಟಿಕ್ಕಾ, 8ರ ಎರಡಾ ಅಂತ ಕೇಳಿ. ಎರಡಿದ್ದರೆ ಪ್ರೊಸೆಸರ್‌ಗೆ ಮೆಮೊರಿ ದಾರಿ ಎರಡಾಗುತ್ತದೆ, ಆಟದಲ್ಲಿ ಅದು ಕಾಣುತ್ತದೆ. ಎಸ್‌ಎಸ್‌ಡಿ 1 ಟಿಬಿಗಿಂತ ಕಡಿಮೆ ಬೇಡ. ಕ್ಯಾಬಿನೆಟ್ ಮುಂಭಾಗ ಪೂರ್ತಿ ಗಾಜು ಹಾಕಿ ಬಣ್ಣದ ಲೈಟ್ ಹಚ್ಚಿದ್ದಾರಾ, ಗಾಳಿ ಎಲ್ಲಿಂದ ಒಳಗೆ ಬರುತ್ತದೆ ಅಂತ ನೋಡಿ.

ಗ್ರಾಫಿಕ್ಸ್ ಕಾರ್ಡ್‌ನಲ್ಲಿ ನನ್ನ ಸಲಹೆ ಗಟ್ಟಿಯಾಗಿಯೇ ಇದೆ. ಹೊಸದಾಗಿ ಕೊಳ್ಳುವವರು, ನಾಲ್ಕೈದು ವರ್ಷ ಇಟ್ಟುಕೊಳ್ಳುವವರು, 8 ಜಿಬಿ ಮೆಮೊರಿಯ ಕಾರ್ಡ್ ಬಿಟ್ಟು ಮೇಲಿನದಕ್ಕೆ ಹೋಗಿ. ಕನ್ಸೋಲ್‌ಗಳ 16 ಜಿಬಿಯನ್ನು ಮನಸ್ಸಿನಲ್ಲಿಟ್ಟು ಮಾಡಿದ ಆಟಗಳು 8ರಲ್ಲಿ ಇಕ್ಕಟ್ಟಾಗುತ್ತಿವೆ. ಒಂದೇ ಹೆಸರಿನಲ್ಲಿ ಎರಡು ಅಳತೆಯ ಕಾರ್ಡ್ ಮಾರುತ್ತಾರೆ, ಆರ್‌ಟಿಎಕ್ಸ್ 5060 ಟಿಐ 8 ಜಿಬಿಯದೂ ಇದೆ, 16 ಜಿಬಿಯದೂ ಇದೆ. ಬಿಲ್ಲಿನಲ್ಲಿ ಯಾವುದು ಬರೆದಿದ್ದಾರೆ ಅಂತ ನೋಡದೆ ದುಡ್ಡು ಕೊಡಬೇಡಿ. ಉಚಿತ ಶೂಟಿಂಗ್ ಆಟಗಳನ್ನಷ್ಟೇ ಆಡುವವರಿಗೆ ಈ ಮಾತು ಅನ್ವಯ ಆಗುವುದಿಲ್ಲ, ಅವರಿಗೆ 8 ಸಾಕು.

ಪಿಸಿ ಮನೆಗೆ ಬಂದ ಮೇಲೆ ಮಾನಿಟರ್ ಕೇಬಲ್ಲನ್ನು ಗ್ರಾಫಿಕ್ಸ್ ಕಾರ್ಡ್‌ಗೆ ಹಾಕಿ, ಮದರ್‌ಬೋರ್ಡ್‌ಗೆ ಅಲ್ಲ. ವಿಂಡೋಸ್ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ರಿಫ್ರೆಶ್ ರೇಟ್, ಅಂದರೆ ಸೆಕೆಂಡಿಗೆ ಪರದೆ ಎಷ್ಟು ಸಲ ಚಿತ್ರ ಬದಲಿಸುತ್ತದೆ ಅನ್ನುವುದನ್ನು, ಮಾನಿಟರ್‌ಗೆ ಆಗುವಷ್ಟಕ್ಕೆ ಏರಿಸಿ. 144 ಹರ್ಟ್ಸ್ ಮಾನಿಟರ್ ಕೊಂಡು 60ರಲ್ಲೇ ಓಡಿಸುತ್ತಿರುವವರು ಎಷ್ಟೋ ಜನ ಇದ್ದಾರೆ.

ಹಳೆಯ ಆಫೀಸ್ ಪಿಸಿಗೆ ಕಾರ್ಡ್ ಹಾಕಿ ಗೇಮಿಂಗ್ ಪಿಸಿ ಮಾಡುವ ಯೋಚನೆ ಇದ್ದರೆ ಮೂರು ವಿಷಯ ನೋಡಿ. ಕಾರ್ಡ್ ಒಳಗೆ ಕೂರಲು ಜಾಗ ಇದೆಯಾ, ಪವರ್ ಸಪ್ಲೈಯಲ್ಲಿ ಕಾರ್ಡ್‌ಗೆ ಬೇಕಾದ ಕನೆಕ್ಟರ್ ಇದೆಯಾ, ಪ್ರೊಸೆಸರ್ ವಿಂಡೋಸ್ 11ಕ್ಕೆ ಆಗುತ್ತದಾ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್‌ನಲ್ಲಿ ಮುಗಿದಿದೆ. ಮೂರಕ್ಕೂ ಹೌದು ಅಂತ ಉತ್ತರ ಬಂದರೆ ಇದು ಎಲ್ಲಕ್ಕಿಂತ ಅಗ್ಗದ ದಾರಿ.

ಕನ್ಸೋಲ್ ಸೆಕೆಂಡ್ ಹ್ಯಾಂಡ್ ತಗೊಳ್ಳುವುದಾದರೆ ಟಿವಿಗೆ ಹಾಕಿ ಓಡಿಸಿ ತೋರಿಸಿ ಅಂತ ಕೇಳಿ. ಇಂಟರ್‌ನೆಟ್‌ಗೆ ಸೇರಿಸಿ ನಿಮ್ಮ ಅಕೌಂಟ್‌ನಲ್ಲಿ ಲಾಗಿನ್ ಆಗಿ, ಹಿಂದಿನವರ ತಪ್ಪಿಗೆ ಯಂತ್ರವೇ ನಿಷೇಧ ಆಗಿದ್ದರೆ ಅಲ್ಲೇ ಗೊತ್ತಾಗುತ್ತದೆ. ಒಂದು ಡಿಸ್ಕ್ ಹಾಕಿ ತೆಗೆಯಿರಿ. ಭಾರದ ಆಟವೊಂದನ್ನು ಇಪ್ಪತ್ತು ನಿಮಿಷ ಓಡಿಸಿ ಫ್ಯಾನ್ ಸದ್ದು ಕೇಳಿ. ಕಂಟ್ರೋಲರ್ ಮೇಜಿನ ಮೇಲಿಟ್ಟು ಕೈ ಬಿಡಿ, ಪರದೆಯಲ್ಲಿ ಆಟಗಾರ ತಾನಾಗಿ ನಡೆಯಲು ಶುರು ಮಾಡಿದರೆ ಸ್ಟಿಕ್ ಹೋಗಿದೆ ಅಂತ ಅರ್ಥ, ಹೊಸ ಕಂಟ್ರೋಲರ್‌ನ ಬೆಲೆ ಕಳೆದು ಚೌಕಾಸಿ ಮಾಡಿ. ಕೊನೆಗೆ ಮಾರುವವರ ಅಕೌಂಟ್ ತೆಗೆಸಿ, ಫ್ಯಾಕ್ಟರಿ ರೀಸೆಟ್ ಮಾಡಿಸಿದ ಮೇಲೆಯೇ ದುಡ್ಡು ಕೊಡಿ.